ಸಿದ್ರಾಮ ಕಾಕಾ ನಂಬದ ಲೇಬಲ್ಲು

ಮುಂಬಯಿಯ ಹತ್ತಿರ, ಡೊಂಬಿವಲಿ ಪೂರ್ವದಲ್ಲಿರುವ ನಮ್ಮ ಬಿಲ್ಡಿಂಗಿನ ಮೊದಲ ಮಹಡಿಯಲ್ಲಿ ಮೂರನೆಯ ಬಾಗಿಲು ಸಿದ್ರಾಮ ಕಾಕಾ ಅವರದು. ಹಗಲು ಹೊತ್ತಿನಲ್ಲಿ ಆ ಬಾಗಿಲು ತೆರೆದೇ ಇರುತ್ತದೆ. ಒಳಗೆ ಒಂದು ಕೋಣೆ, ಒಂದು ಅಡುಗೆಮನೆ. ಕಿಟಕಿಯ ಕೆಳಗೆ ಮೇಜು. ಅದರ ಮೇಲೆ ಬೆಸುಗೆ ಕಡ್ಡಿ, ಮೀಟರು ಮತ್ತು ಬಿಚ್ಚಿಟ್ಟ ಒಂದಷ್ಟು ತಗಡಿನ ಡಬ್ಬಿಗಳು. ಗೋಡೆಯಿಂದ ಬರುವ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹಾಗೆ ಇಳಿಸಿ ಹಂಚಿಕೊಡುವ ಡಬ್ಬಿಗಳು ಅವು. ಅಂಗಡಿಯವರು ಎಸ್‌ಎಂಪಿಎಸ್ ಅನ್ನುತ್ತಾರೆ. ಕಾಕಾ ಬರೀ ಡಬ್ಬಿ ಅನ್ನುತ್ತಾರೆ. ನಾನೂ ಹಾಗೇ ಬರೆಯುತ್ತೇನೆ.

ಇದರಲ್ಲಿ ಬರುವ ಸಂಖ್ಯೆಗಳನ್ನು ನಾನು ಕಾಕಾ ಅವರಿಗೆ ಎರಡು ಸಲ ಓದಿ ಹೇಳಿ, ಸರಿಯೆಂದ ಮೇಲೆ ಬರೆದಿದ್ದೇನೆ. ಸಂಗತಿಗಳಲ್ಲಿ ಕೆಲವನ್ನು ನೋಡಿದ್ದೇನೆ, ಉಳಿದದ್ದನ್ನು ಕೇಳಿ ತಿಳಿದುಕೊಂಡಿದ್ದೇನೆ.

ಕಾಕಾ ಅವರ ಊರು ವಿಜಾಪುರ ಜಿಲ್ಲೆಯ ಇಂಡಿ ಪಟ್ಟಣದ ಹತ್ತಿರ. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಸೋದರಮಾವನ ಜೊತೆ ಇಲ್ಲಿಗೆ ಬಂದರು. ಅಂಬರನಾಥದಲ್ಲಿ ಟ್ರಾನ್ಸ್‌ಫಾರ್ಮರ್ ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ತಾಮ್ರದ ತಂತಿ ಸುತ್ತುವ ಕೆಲಸ ಸಿಕ್ಕಿತು. ಹತ್ತೊಂಬತ್ತು ವರ್ಷ ಅದನ್ನೇ ಮಾಡಿದರು. ಸುತ್ತು ಎಣಿಸುವ ಯಂತ್ರ ಕೆಟ್ಟ ದಿನ ಬಾಯಲ್ಲೇ ಎಣಿಸುತ್ತಿದ್ದರಂತೆ, ಊಟದ ಗಂಟೆ ಹೊಡೆದರೂ ಎಣಿಕೆ ತಪ್ಪುತ್ತಿರಲಿಲ್ಲವಂತೆ. ಎರಡು ಸಾವಿರದ ಐದರಲ್ಲಿ ಕಾರ್ಖಾನೆ ಮುಚ್ಚಿತು. ಆಮೇಲೆ ಮನೆಯಲ್ಲೇ ಕೂತು ಡಬ್ಬಿಗಳ ರಿಪೇರಿ ಶುರುಮಾಡಿದರು.

ಆ ಕೆಲಸದ ಎರಡನೆಯ ವರ್ಷದಲ್ಲಿ ಒಂದು ಸಂಗತಿ ನಡೆಯಿತು. ಕಲ್ಯಾಣದಲ್ಲಿ ಸೈಬರ್ ಕೆಫೆ ತೆರೆಯುತ್ತಿದ್ದವನೊಬ್ಬ ಆರು ಹೊಸ ಡಬ್ಬಿಗಳನ್ನು ತಂದು ತೋರಿಸಿ, ಇವು ನಡೆಯುತ್ತವೆಯೇ ಎಂದು ಕೇಳಿದ. ಲೇಬಲ್ಲಿನ ಮೇಲೆ ನಾನೂರೈವತ್ತು ವಾಟ್ ಎಂದಿತ್ತು. ಕಾಕಾ ಅದನ್ನು ಓದಿ, ನಡೆಯುತ್ತವೆ ಎಂದರು. ಒಂದೇ ವಾರದಲ್ಲಿ ನಾಲ್ಕು ಸುಟ್ಟವು. ಅವುಗಳ ಜೊತೆ ಎರಡು ಕಂಪ್ಯೂಟರುಗಳೂ ಹೋದವು. ಬಿಚ್ಚಿ ನೋಡಿದರೆ ಒಳಗೆ ಇನ್ನೂರು ವಾಟಿಗೂ ಸಾಲದಷ್ಟು ತಾಮ್ರ. ಕೆಫೆಯವನು ಜಗಳವಾಡಲಿಲ್ಲ. ‘ಕಾಕಾ, ತುಮೀಚ್ ಬೋಲಲಾ ಹೋತಾ’ ಎಂದಷ್ಟೇ ಹೇಳಿ ಹೋದ. ನೀವೇ ಹೇಳಿದ್ದಿರಿ ಎಂಬ ಆ ಮಾತು ಕಾಕಾ ಅವರೊಳಗೆ ಉಳಿದುಬಿಟ್ಟಿತು.

ಅಂದಿನಿಂದ ಅವರು ಒಂದು ನಿಯಮ ಮಾಡಿಕೊಂಡರು. ಯಾವ ಡಬ್ಬಿಯ ಲೇಬಲ್ಲನ್ನು ಓದಿದರೂ ಅದರ ಅರ್ಧವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವುದು. ಐನೂರು ಎಂದಿದ್ದರೆ ಇನ್ನೂರೈವತ್ತು, ನಾನೂರು ಎಂದಿದ್ದರೆ ಇನ್ನೂರು. ಈ ನಿಯಮದಿಂದ ಬಹಳ ಜನರ ಕಂಪ್ಯೂಟರುಗಳು ಉಳಿದವು. ಡೊಂಬಿವಲಿಯ ಅಂಗಡಿಯವರೂ ‘ಸಿದ್ರಾಮ ಕಾಕಾ ಹೌದೆಂದರೆ ಕಣ್ಣು ಮುಚ್ಚಿ ಹಾಕಿ’ ಎನ್ನುತ್ತಿದ್ದರು.

ಈಗ ಜಯಲತಾ ಅವರ ವಿಷಯ. ಅವರು ನಮ್ಮ ಎರಡನೆಯ ಮಹಡಿಯಲ್ಲಿದ್ದಾರೆ, ಕಾರ್ಕಳದ ಕಡೆಯವರು. ಗಂಡ ಜಯಶೀಲ ಅವರು ಠಾಣೆಯ ವರ್ತಕ ನಗರದ ಹೋಟೆಲೊಂದರಲ್ಲಿ ಕ್ಯಾಷಿಯರ್. ಬೆಳಿಗ್ಗೆ ಆರರ ಗಾಡಿಗೆ ಹೋದರೆ ಬರುವುದು ರಾತ್ರಿಯೇ. ಮಗಳು ಅನುಷ್ಕಾ ಶಾಲೆಗೆ ಸೇರಿದ ಮೇಲೆ ಜಯಲತಾ ಠಾಣೆಗೆ ಹೋಗಿ ವಿಡಿಯೋ ಎಡಿಟಿಂಗ್ ಕಲಿತರು. ಐದು ವರ್ಷದಿಂದ ಅಲ್ಲಿನ ಸ್ಟುಡಿಯೋ ಒಂದರ ಮದುವೆ ವಿಡಿಯೋಗಳನ್ನು ಮನೆಯಲ್ಲೇ ಕೂತು ಕತ್ತರಿಸಿ ಜೋಡಿಸಿ ಕೊಡುತ್ತಿದ್ದರು. ಅವರ ಕಂಪ್ಯೂಟರ್ ನವಿ ಮುಂಬಯಿಯ ಮಹಾಪೆಯ ಆಫೀಸೊಂದು ಹಳೆಯದೆಂದು ಲಾಟಿನಲ್ಲಿ ಮಾರಿದ್ದು.

ಎರಡು ಸಾವಿರದ ಹದಿಮೂರರ ಮೇ ತಿಂಗಳಲ್ಲಿ ಸ್ಟುಡಿಯೋದವರು ಹೊಸ ಕ್ಯಾಮರಾ ತಂದರು. ಚಿತ್ರ ದೊಡ್ಡದಾಯಿತು, ಸ್ಪಷ್ಟವಾಯಿತು. ಜಯಲತಾ ಅವರ ಕಂಪ್ಯೂಟರಿಗೆ ಅದನ್ನು ಎಳೆಯಲಾಗಲಿಲ್ಲ. ವರ ಹಾರ ಎತ್ತಿದರೆ ಕೈ ಮೇಲೆಯೇ ನಿಲ್ಲುತ್ತಿತ್ತು, ಸ್ವಲ್ಪ ಹೊತ್ತು ಬಿಟ್ಟು ವಧುವಿನ ಕೊರಳಲ್ಲಿ ಹಾರ ಕಾಣುತ್ತಿತ್ತು. ನಡುವಿನದ್ದು ಇಲ್ಲವೇ ಇಲ್ಲ. ಸ್ಟುಡಿಯೋದ ಮಾಲೀಕ ಒಂದು ಮದುವೆಯನ್ನು ಕೊಟ್ಟು, ಶನಿವಾರದೊಳಗೆ ಇದನ್ನು ಸರಿಯಾಗಿ ಮಾಡಿ ಕೊಟ್ಟರೆ ಮುಂದಿನ ಕೆಲಸವೆಲ್ಲ ನಿಮಗೆ, ಇಲ್ಲವಾದರೆ ಮುಲುಂಡಿನ ಒಬ್ಬನಿಗೆ ಕೊಡುತ್ತೇನೆ ಎಂದ.

ಜಯಶೀಲ ಅವರ ತಮ್ಮ ಮನೀಷ್ ಕಲ್ಯಾಣದ ಕಂಪ್ಯೂಟರ್ ಅಂಗಡಿಯಲ್ಲಿದ್ದಾನೆ. ಅತ್ತಿಗೆಯ ಕಷ್ಟ ಕೇಳಿ ಅವನೇ ಒಂದು ಗ್ರಾಫಿಕ್ಸ್ ಕಾರ್ಡ್ ತಂದು ಹಾಕಿದ. ಚಿತ್ರದ ಕೆಲಸವನ್ನು ಮಾತ್ರ ನೋಡಿಕೊಳ್ಳುವ, ಕಂಪ್ಯೂಟರಿನೊಳಗೆ ಸಿಕ್ಕಿಸುವ ಹಲಗೆ ಅದು. ಎರಡು ಫ್ಯಾನು, ಎರಡು ಜಿಬಿ ಮೆಮೊರಿ. ಡಬ್ಬಿಯಿಂದ ಅದಕ್ಕೆ ಬೇರೆ ತಂತಿಯೂ ಬೇಕಿತ್ತು, ಮನೀಷ್ ಹೇಗೋ ಜೋಡಿಸಿದ. ಮೊದಲ ಹತ್ತು ನಿಮಿಷ ಹಾರ ಚೆನ್ನಾಗಿಯೇ ಬಿತ್ತು. ಆಮೇಲೆ ಕಂಪ್ಯೂಟರ್ ಆರಿಹೋಯಿತು. ಮತ್ತೆ ಹಚ್ಚಿದರು, ಮತ್ತೆ ಆರಿತು.

ಮಂಗಳವಾರ ಮಧ್ಯಾಹ್ನ ಜಯಲತಾ ಮತ್ತು ಅನುಷ್ಕಾ ಕಂಪ್ಯೂಟರನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಎರಡೂ ಕಡೆ ಹಿಡಿದು ಮೆಟ್ಟಿಲಿಳಿಸಿ ತಂದರು.

“ಸಿದ್ರಾಮಣ್ಣ, ಇದೊಂದು ನೋಡಿ ಮಾರಾಯ್ರೆ. ನಾಲ್ಕು ದಿವ್ಸ ಉಂಟು ನಂಗೆ, ಅಷ್ಟೇ” ಎಂದರು ಜಯಲತಾ.

“ಹರ್ ದಸ್ ಮಿನಿಟ್ ಮೇ ಬಂದ್ ಹೋತಾ ಹೈ, ಕಾಕಾ” ಎಂದಳು ಅನುಷ್ಕಾ.

ಕಾಕಾ ಮುಚ್ಚಳ ಬಿಚ್ಚಿದರು. “ಸುಟ್ಟ ವಾಸನಿ ಬಂತೇನ್ರಿ ಅಕ್ಕಾರ?”

“ಇಲ್ಲ. ಏನೂ ಬರ್ಲಿಲ್ಲ.”

“ಮತ್ತ ಹಚ್ಚಿದ್ರ ಹತ್ತತೈತೇನು?”

“ಕೂಡ್ಲೇ ಆಗ್ತದೆ.”

ಕಾಕಾ ಟಾರ್ಚ್ ಹಿಡಿದು ಡಬ್ಬಿಯ ಲೇಬಲ್ ಓದಿದರು. ಇನ್ನೂರೈವತ್ತು. ಹಳೆಯ ರೂಢಿಯಂತೆ ಅದನ್ನು ಅರ್ಧ ಮಾಡಿದರು. ನೂರಿಪ್ಪತ್ತೈದು. ಕಂಪ್ಯೂಟರಿನ ಪ್ರೊಸೆಸರಿಗೆ ಅರವತ್ತೈದು, ಬೋರ್ಡು, ಡಿಸ್ಕು, ಫ್ಯಾನು ಎಲ್ಲ ಸೇರಿ ನಲವತ್ತು. ಒಟ್ಟು ನೂರೈದು. ಉಳಿದದ್ದು ಇಪ್ಪತ್ತು.

“ಅಕ್ಕಾರ, ಇದರಾಗ ಈ ಕಾರ್ಡ್ ಅಲ್ಲ, ಯಾವ ಕಾರ್ಡೂ ಹಾಕಾಕ ಬರೂದಿಲ್ರಿ. ಸಣ್ಣದರಾಗ ಸಣ್ಣದೂ ಬ್ಯಾಡ.”

“ಹಾಗಾದ್ರೆ ಆ ಡಬ್ಬಿಯನ್ನೇ ಬೇರೆ ಹಾಕಿ.”

ಕಾಕಾ ಡಬ್ಬಿಯಿಂದ ಬೋರ್ಡಿಗೆ ಹೋಗುವ ಪ್ಲಗ್ಗನ್ನು ಕಿತ್ತು, ಮೇಜಿನ ಮೇಲಿದ್ದ ಸಾಧಾರಣ ಡಬ್ಬಿಯ ಪ್ಲಗ್ಗಿನ ಪಕ್ಕದಲ್ಲಿ ಹಿಡಿದು ತೋರಿಸಿದರು. ಎರಡರ ಆಕಾರವೂ ಬೇರೆ. “ಆಫೀಸ್ ಮಷೀನ್ ನೋಡ್ರಿ. ಇವರದ ಡಬ್ಬಿ ಇವರಿಗೇ. ಪ್ಯಾಟ್ಯಾಗ ಸಿಗೂದು ಇದಕ್ಕ ಕೂಡೂದಿಲ್ಲ.”

ಜಯಲತಾ ಬೆಡ್‌ಶೀಟನ್ನು ಮಡಚಿ ಕೈಗೆ ತೆಗೆದುಕೊಂಡರು. ಹೊಸ ಕಂಪ್ಯೂಟರ್ ಕೊಳ್ಳುವ ಮಾತನ್ನು ಅವರೂ ಎತ್ತಲಿಲ್ಲ, ಕಾಕಾ ಅವರೂ ಎತ್ತಲಿಲ್ಲ. ಅದು ಆಗುವ ಮಾತಾಗಿರಲಿಲ್ಲ.

“ಆಯ್ತು” ಎಂದರು ಕೊನೆಗೆ. “ನಾಳೆ ಹನ್ನೊಂದು ಗಂಟೆಗೆ ಸ್ಟುಡಿಯೋ ಓಪನ್ ಆಗ್ತದೆ. ನಂಗೆ ಆಗುದಿಲ್ಲ ಅಂತ ಫೋನ್ ಮಾಡ್ತೇನೆ. ಕಡೇ ಗಳಿಗೆಗೆ ಕೈ ಕೊಡುದಕ್ಕಿಂತ ಅದೇ ಒಳ್ಳೇದು.”

“ಮಷೀನ್ ಇಲ್ಲೇ ಇರ್ಲಿ. ಧೂಳಾರ ತಗದ್ ಕೊಡ್ತೀನಿ” ಎಂದರು ಕಾಕಾ.

ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಕಾಕಾ ಬ್ರಷ್ ಹಿಡಿದು ಧೂಳು ತೆಗೆಯಲು ಕೂತರು. ಡಬ್ಬಿಯನ್ನು ಹೊರಗೆ ಎಳೆದಾಗ ಅದು ಅವರು ಅಂದುಕೊಂಡಿದ್ದಕ್ಕಿಂತ ಭಾರವಾಗಿತ್ತು. ಆಗ ಅವರಿಗೆ ಹಿಂದಿನ ದಿನ ತಾವೇ ಕೇಳಿದ್ದ ಎರಡು ಪ್ರಶ್ನೆಗಳು ಮತ್ತೆ ತಲೆಗೆ ಬಂದವು. ವಾಸನೆ ಇಲ್ಲ. ಹಚ್ಚಿದರೆ ಕೂಡಲೇ ಹತ್ತುತ್ತದೆ. ಸುಳ್ಳು ಲೇಬಲ್ಲಿನ ಡಬ್ಬಿ ಹಾಗೆ ಮಾಡುವುದಿಲ್ಲ. ಅದು ತಡೆಯಲಾರದಷ್ಟು ಎಳೆದರೆ ಸುಡುತ್ತದೆ, ಇಲ್ಲವೇ ಢಬ್ ಎನ್ನುತ್ತದೆ. ಇದು ಮಾತ್ರ ಮಿತಿ ಮೀರಿದ ಕೂಡಲೇ ತಾನಾಗಿ ಬಾಗಿಲು ಹಾಕಿಕೊಂಡು, ಆಮೇಲೆ ಮತ್ತೆ ತೆರೆದಿತ್ತು.

ಕಾಕಾ ಅವರ ಹೆಂಡತಿ ಸುಶೀಲಾಬಾಯಿ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಮಾರುತ್ತಾರೆ. ಪುಡಿ ತೂಗಲು ಅವರ ಹತ್ತಿರ ಒಂದು ತಕ್ಕಡಿ ಇದೆ. ಕಾಕಾ ಅದರ ಮೇಲೆ ಮೊದಲು ನಾನೂರೈವತ್ತರ ಲೇಬಲ್ಲಿದ್ದ ಹಳೆಯ ಡಬ್ಬಿಯನ್ನು ಇಟ್ಟರು.

“ಅಯ್ಯ, ಇದೇನ್ರಿ ಇದು! ನನ್ನ ತಕ್ಕಡಿ ಏನ್ ಗುಜರಿ ತೂಗೂ ಭಂಗಾರ್‌ವಾಲಾಂದೇನು?” ಎಂದು ಸುಶೀಲಾಬಾಯಿ ಒಳಗಿನಿಂದ ಬಂದರು.

“ಕಾಗದಾ ಹಾಸೇನಿ.”

“ಕಾಗದಾ ಹಾಸಿದ್ರ ಧೂಳ ನೆಗೀತೈತಿ. ಮಂದಿ ಚಟ್ನಿ ತಿಂದು ಕೆಮ್ಮಿದ್ರ ನಿಮ್ಮ ಹೆಸರ ಹೇಳ್ತೀನಿ.”

ಹಳೆಯ ಡಬ್ಬಿ ಏಳುನೂರ ಎಂಬತ್ತು ಗ್ರಾಂ ತೂಗಿತು. ಜಯಲತಾ ಅವರ ಡಬ್ಬಿ ಒಂದು ಕಿಲೋ ಆರುನೂರ ಐವತ್ತು. ಲೇಬಲ್ಲಿನಲ್ಲಿ ಕಡಿಮೆ ಬರೆದುಕೊಂಡ ಡಬ್ಬಿ, ಹೆಚ್ಚು ಬರೆದುಕೊಂಡದ್ದರ ಎರಡರಷ್ಟು ತೂಗುತ್ತಿತ್ತು. ತಾಮ್ರದ ಜೊತೆ ಅಷ್ಟು ವರ್ಷ ಕಳೆದವರಿಗೆ ಇದರ ಅರ್ಥ ಹೇಳಿಕೊಡಬೇಕಾಗಿರಲಿಲ್ಲ. ಆದರೂ ತೂಕದಿಂದ ಅನುಮಾನ ಮಾತ್ರ ಹುಟ್ಟುತ್ತದೆ, ಅದನ್ನು ಪುರಾವೆ ಎನ್ನಲಾಗುವುದಿಲ್ಲ.

ಅವರು ಮಂಚದ ಕೆಳಗಿನಿಂದ ಮೂರು ಹೆಡ್‌ಲೈಟ್ ಬಲ್ಬುಗಳನ್ನು ತೆಗೆದರು. ಕಾರುಗಳದ್ದು, ಗ್ಯಾರೇಜಿನಿಂದ ತಂದಿಟ್ಟದ್ದು. ಒಂದೊಂದೂ ಐವತ್ತೈದು ವಾಟ್ ಎಳೆಯುತ್ತದೆ. ಡಬ್ಬಿಗೆ ಬಲ್ಬು ಕಟ್ಟಿ ಉರಿಸಿದರೆ, ಎಷ್ಟು ಭಾರ ಹೊರುತ್ತದೆ ಎಂದು ಮೀಟರಿನಲ್ಲಿ ಗೊತ್ತಾಗುತ್ತದೆ. ಕಂಪ್ಯೂಟರಿನಲ್ಲಿ ಪ್ರೊಸೆಸರೂ ಕಾರ್ಡೂ ತಿನ್ನುವುದು ಹನ್ನೆರಡು ವೋಲ್ಟಿನ ಹಳದಿ ತಂತಿಯಿಂದಲೇ, ಆದ್ದರಿಂದ ಅಲ್ಲಿಗೇ ಕಟ್ಟಬೇಕು. ಆಫೀಸ್ ಡಬ್ಬಿಯನ್ನು ಬೋರ್ಡಿಲ್ಲದೆ ಎಬ್ಬಿಸುವ ತಂತಿ ಯಾವುದೆಂದು ಹುಡುಕುವುದರಲ್ಲೇ ಹತ್ತು ನಿಮಿಷ ಹೋಯಿತು. ಮೊದಲ ಬಲ್ಬು ಹತ್ತಿತು. ಮೀಟರು ಹನ್ನೆರಡು ಪಾಯಿಂಟ್ ಒಂದು ತೋರಿಸಿತು. ಎರಡನೆಯದು ಹತ್ತಿದಾಗ ಹನ್ನೆರಡು. ಮೂರನೆಯದನ್ನು ಹಚ್ಚುವ ಮೊದಲು ಕಾಕಾ ಸುಶೀಲಾಬಾಯಿಯನ್ನು ಬಾಗಿಲ ಹತ್ತಿರ ನಿಲ್ಲಲು ಹೇಳಿದರು. ಅದೂ ಹತ್ತಿತು. ಹನ್ನೊಂದು ಪಾಯಿಂಟ್ ಒಂಬತ್ತು. ಮುಳ್ಳು ಹನ್ನೆರಡರ ಹತ್ತಿರವೇ ನಿಂತಿತು, ಭಾರಕ್ಕೆ ಕುಸಿಯಲಿಲ್ಲ.

ಗಂಟೆ ಹತ್ತು ಇಪ್ಪತ್ತು ಆಗಿತ್ತು.

“ಮತ್ತ ನಡೀತೈತಿ ಅಂದಂಗಾತು. ಜಯಲತಾಗ ಫೋನ್ ಮಾಡಬ್ಯಾಡ ಅಂತ ಹೇಳ್ರಿ” ಎಂದರು ಸುಶೀಲಾಬಾಯಿ.

“ಇನ್ನೂ ಅರ್ಧಾ ತಾಸ್ ಉರೀಬೇಕು. ಬಿಸಿಯಾದ ಮ್ಯಾಲ ಮುಳ್ಳ ಬಿದ್ರ?”

“ಅಷ್ಟೊತ್ತಿಗೆ ಅಕಿ ಫೋನ್ ಮಾಡಿ ಮುಗಿಸಿರ್ತಾಳ್ರೀ.”

“ಗೊತ್ತಿಲ್ದ ಹ್ಯಾಂಗ ಹೇಳ್ಲಿ? ನಿನ್ನೆ ಇಲ್ಲ ಅಂದೆ. ಇವತ್ತ ಹೌದು ಅಂದು, ನಾಳೆ ಮತ್ತ ಇಲ್ಲ ಅನ್ಲೇನು?”

ಸುಶೀಲಾಬಾಯಿ ಗಂಡನ ಜೊತೆ ವಾದ ಮಾಡಲಿಲ್ಲ. ಎರಡು ರೊಟ್ಟಿ, ಒಂದು ಬಟ್ಟಲಲ್ಲಿ ಚಟ್ನಿಪುಡಿ ತೆಗೆದುಕೊಂಡು ಮೇಲಿನ ಮಹಡಿಗೆ ಹೋದರು. ಅಲ್ಲಿ ಜಯಲತಾ ಅವರ ಎದುರು ಕೂತು, ತಮ್ಮ ಮೊಣಕಾಲು ನೋವಿನಿಂದ ಶುರುಮಾಡಿ, ಕಾಕಾ ಮದುವೆಯ ಹೊಸದರಲ್ಲಿ ಮಾವನ ಮನೆಯ ರೇಡಿಯೋ ರಿಪೇರಿ ಮಾಡುತ್ತೇನೆಂದು ಬಿಚ್ಚಿ ಮೂರು ತಿಂಗಳು ಜೋಡಿಸದೆ ಬಿಟ್ಟದ್ದರವರೆಗೆ ಹೇಳಿದರು. ಜಯಲತಾ ನಡುವೆ ಎರಡು ಸಲ ಗಡಿಯಾರ ನೋಡಿ ಫೋನ್ ಕೈಗೆತ್ತಿಕೊಂಡರಂತೆ.

“ಅಕ್ಕ, ಒಂದು ಫೋನ್ ಮಾಡ್ಲಿಕ್ಕುಂಟು…”

“ಮಾಡವ್ವಾ, ಮಾಡು. ಅದಕ್ಕೂ ಮದಲ ಈ ರೇಡಿಯೋದ್ದು ಪೂರಾ ಕೇಳು.”

ಕಾಕಾ ಕೆಳಗೆ ಮೂರು ಬಲ್ಬುಗಳ ಮುಂದೆ ಕೈಕಟ್ಟಿ ಕೂತಿದ್ದರು. ಆ ಬಿಸಿಗೆ ಅವರ ಅಂಗಿ ಬೆನ್ನಿಗೆ ಅಂಟಿತ್ತು. ಐದೈದು ನಿಮಿಷಕ್ಕೆ ಮೀಟರ್ ಓದಿ, ಡಬ್ಬಿಯ ಮೇಲೆ ಅಂಗೈ ಇಟ್ಟು ನೋಡುತ್ತಿದ್ದರು. ಹತ್ತು ಐವತ್ತಕ್ಕೂ ಮುಳ್ಳು ಹನ್ನೊಂದು ಪಾಯಿಂಟ್ ಒಂಬತ್ತರಲ್ಲೇ ಇತ್ತು. ಡಬ್ಬಿ ಬಿಸಿಯಾಗಿತ್ತು, ಕೈ ಇಡಲಾಗದಷ್ಟೇನೂ ಅಲ್ಲ. ಅವರು ಬಲ್ಬುಗಳನ್ನು ಆರಿಸಿ, ಕೈ ತೊಳೆದು, ಮೆಟ್ಟಿಲು ಹತ್ತಿದರು.

ಬಾಗಿಲಲ್ಲೇ ನಿಂತು ಹೇಳಿದರು. “ಅಕ್ಕಾರ, ನಿನ್ನೆ ನಾ ಹೇಳಿದ್ದು ತಪ್ಪೈತಿ. ಅದರ ಲೇಬಲ್ ಖರೇ ಐತಿ. ನಾನ ನಂಬಲಿಲ್ಲ.”

ಜಯಲತಾ ಅವರಿಗೆ ಮೊದಲು ತಿಳಿಯಲಿಲ್ಲ. “ಅಂದ್ರೆ ಕಾರ್ಡ್ ಹಾಕ್ಬಹುದಾ?”

“ಇದ ದೊಡ್ಡದು ಬ್ಯಾಡ. ಬ್ಯಾರೆ ತಂತಿ ಕೇಳೂ ಕಾರ್ಡ್ ಯಾವದೂ ಬ್ಯಾಡ. ತಂತಿ ಇಲ್ದ, ತಾ ಸಿಕ್ಕೊಂಡಿರೂ ಸ್ಲಾಟಿನಿಂದನ ತಿನ್ನೂದು ಒಂದ ಹಾಕಬಹುದು. ಫೋನ್ ಮಾಡೀರೇನ್ರಿ?”

“ಮಾಡ್ಲಿಕ್ಕೆ ಎಲ್ಲಿ ಬಿಟ್ರು ಇವ್ರು!” ಎಂದು ಜಯಲತಾ ಸುಶೀಲಾಬಾಯಿಯ ಕಡೆ ನೋಡಿದರು. ಆಗ ಅವರಿಗೆ ರೇಡಿಯೋ ಕಥೆಯ ಉದ್ದ ಅರ್ಥವಾಯಿತು.

ಅದೇ ಮಧ್ಯಾಹ್ನ ಜಯಲತಾ ಮತ್ತು ಕಾಕಾ ದೊಡ್ಡ ಕಾರ್ಡನ್ನು ಪೆಟ್ಟಿಗೆಯಲ್ಲಿ ಹಾಕಿಕೊಂಡು ಕಲ್ಯಾಣಕ್ಕೆ ಹೋದರು. ಮನೀಷ್ ಬದಲಾಯಿಸಿ ಕೊಡಲು ಒಪ್ಪಿದ. ಆದರೆ ಕಾಕಾ ಕೇಳಿದ್ದು ಅವನಿಗೆ ಹಿಡಿಸಲಿಲ್ಲ.

“ಅತ್ತಿಗೆ, ಬಾಕಿ ಎಲ್ರೂ ಎರಡು ಜಿಬಿ ತಕೊಂಡು ಹೋಗ್ತಾರೆ. ತಂತಿ ಇಲ್ಲದ್ದೇ ಬೇಕಾದ್ರೆ ಅದ್ರಲ್ಲೂ ಎರಡು ಜಿಬಿ ಉಂಟು, ಇಲ್ಲಿ ನೋಡಿ. ರೇಟೂ ಕಮ್ಮಿ. ನಿಮ್ಮ ಕಾಕಾ ಒಂದು ಜಿಬಿ ಹಿಡ್ಕೊಂಡು ಕೂತಿದ್ದಾರೆ.”

ಕಾಕಾ ಎರಡು ಪೆಟ್ಟಿಗೆಗಳನ್ನೂ ಗಾಜಿನ ಮೇಲೆ ಪಕ್ಕಪಕ್ಕ ಇಟ್ಟು, ಹಿಂಬದಿಯ ಸಣ್ಣ ಅಕ್ಷರಗಳನ್ನು ಬೆರಳಿಟ್ಟು ಓದಿದರು. ಎರಡು ಜಿಬಿಯದರಲ್ಲಿ ಇದ್ದದ್ದು ಹಳೆಯ ಬಗೆಯ ನಿಧಾನದ ಮೆಮೊರಿ. ಒಂದು ಜಿಬಿಯದರಲ್ಲಿ ಹೊಸ ಬಗೆಯದು, ಬಹಳ ಪಟ್ಟು ವೇಗದ್ದು. ಜಯಲತಾ ಅವರ ಸಾಫ್ಟ್‌ವೇರ್ ಕೇಳುವುದೂ ಒಂದೇ ಜಿಬಿ.

“ಖೋಲಿ ದೊಡ್ಡದಿದ್ದು ಬಾಗಿಲಾ ಸಣ್ಣದಿದ್ರ ಸಾಮಾನ ಹೊರಗ ಬರಾಕ ಹೊತ್ತಾಗತೈತಿ ತಮ್ಮಾ. ಇವರಿಗೆ ಬೇಕಾಗಿದ್ದು ಬಾಗಿಲಾ” ಎಂದರು ಕಾಕಾ.

ಮನೀಷ್ ನಕ್ಕ. “ಲೇಬಲ್ ನಂಬುದಿಲ್ಲ ಅಂತ ಫೇಮಸ್ ನೀವು. ಈ ಪೆಟ್ಟಿಗೆ ಮೇಲೆ ಐವತ್ತೈದು ವಾಟ್ ಅಂತ ಉಂಟು. ಅದನ್ನು ಹೇಗೆ ನಂಬಿದ್ರಿ?”

“ನಂಬಿಲ್ಲ. ಎಪ್ಪತ್ತೈದು ಅಂತ ಹಿಡದೇನಿ.”

“ಅದೆಂತಕ್ಕೆ?”

“ಆ ಸ್ಲಾಟ್ ಕೊಡೂದ ಎಪ್ಪತ್ತೈದು. ಇದು ಎಷ್ಟ ಹಸದ್ರೂ ಅದಕ್ಕಿಂತ ಹೆಚ್ಚ ತಿನ್ನಾಕ ಅಲ್ಲಿ ಸಿಗೂದಿಲ್ಲ. ಪ್ರೊಸೆಸರ್ ಅರವತ್ತೈದು, ಇದು ಎಪ್ಪತ್ತೈದು, ಡಿಸ್ಕು ಫ್ಯಾನು ಇಪ್ಪತ್ತು. ಬೋರ್ಡ್ ತಿನ್ನೂದು ಬ್ಯಾರೆ ತಂತಿಯಿಂದ, ಅದನ್ನ ಹಿಡದಿಲ್ಲ. ನೂರಾ ಅರವತ್ತಾತು. ನಾ ನೂರಾ ಅರವತ್ತೈದು ಉರಿಸಿ ನೋಡೇನಿ.”

ಮನೀಷ್ ಮನಸ್ಸಿನಲ್ಲೇ ಕೂಡಿಸಿ ನೋಡಿದ. ಆಮೇಲೆ ಒಂದು ಜಿಬಿಯ ಪೆಟ್ಟಿಗೆಗೆ ಬಿಲ್ ಬರೆದ.

ಸಂಜೆ ಐದರ ಹೊತ್ತಿಗೆ ಕಾರ್ಡ್ ಕೂತಿತು. ಅಂಗೈಯಗಲದ್ದು, ಒಂದೇ ಫ್ಯಾನು. ಅನುಷ್ಕಾ ನೋಡಿ, ಇಷ್ಟು ಸಣ್ಣದೇ ಎಂಬಂತೆ “ಇತಕಾ ಛೋಟಾ?” ಎಂದಳು. ಜಯಲತಾ ಹಾರದ ಭಾಗವನ್ನು ಹಾಕಿದರು. ವರ ಕೈ ಎತ್ತಿದ, ವಧು ತಲೆ ಬಾಗಿಸಿದಳು, ಹಾರ ಇಳಿಯಿತು, ಹೂವಿನ ಒಂದು ಎಸಳು ಅವಳ ಭುಜದಿಂದ ಜಾರಿ ಬಿದ್ದದ್ದೂ ಕಂಡಿತು. ಜಯಲತಾ ಅದನ್ನು ಮೂರು ಸಲ ಹಾಕಿ ನೋಡಿದರು. ಕಾಕಾ ಪರದೆ ನೋಡುತ್ತಿರಲಿಲ್ಲ. ಅವರು ಡಬ್ಬಿಯ ಹಿಂಭಾಗದಲ್ಲಿ ಕೈ ಹಿಡಿದು, ಬರುವ ಗಾಳಿ ಎಷ್ಟು ಬಿಸಿ ಎಂದು ನೋಡುತ್ತಿದ್ದರು. ಒಂದು ಗಂಟೆ ಹಾಗೆಯೇ ಕೂತು, ಆಮೇಲೆ “ಇರ್ಲಿ” ಎಂದು ಎದ್ದರು.

ಗುರುವಾರ, ಶುಕ್ರವಾರ ಜಯಲತಾ ಕೆಲಸ ಮಾಡಿದರು. ಶನಿವಾರ ಡಿಸ್ಕ್ ತೆಗೆದುಕೊಂಡು ಠಾಣೆಗೆ ಹೋದರು. ಸ್ಟುಡಿಯೋದ ಮಾಲೀಕ ಅಲ್ಲಲ್ಲಿ ಓಡಿಸಿ ನೋಡಿದನಂತೆ, ಒಂದು ಕಡೆ ಬಣ್ಣ ಸ್ವಲ್ಪ ಕೆಂಪಾಯಿತು ಎಂದನಂತೆ. ಹೊಗಳಲಿಲ್ಲ. ಕಪಾಟಿನಿಂದ ಇನ್ನೆರಡು ಮದುವೆಗಳ ಚಿತ್ರಗಳಿದ್ದ ಡಿಸ್ಕುಗಳನ್ನು ತೆಗೆದು ಅವರ ಮುಂದೆ ಇಟ್ಟ. ಜಯಲತಾ ಅವನ್ನು ಕೈಚೀಲದ ಒಳಜೇಬಿನಲ್ಲಿಟ್ಟು ವರ್ತಕ ನಗರಕ್ಕೆ ಹೋಗಿ, ಗಂಡನ ಹೋಟೆಲಿನಲ್ಲಿ ಒಂದು ಪ್ಲೇಟ್ ಬನ್ಸ್ ತಿಂದು ಬಂದರು. ಗಲ್ಲಾಪೆಟ್ಟಿಗೆಯ ಮುಂದಿದ್ದ ಜಯಶೀಲ “ಓ, ಇವತ್ತು ದೊಡ್ಡ ಗಿರಾಕಿ ಬಂದಿದ್ದಾರೆ” ಎಂದರಂತೆ.

ಸಂಜೆ ಜಯಲತಾ ಕಾಕಾ ಅವರ ಮನೆಗೆ ಬಂದು ಸುದ್ದಿ ಹೇಳಿದರು. ಕಾಕಾ ಸಂತೋಷಪಟ್ಟರು. ಆದರೆ ಜಯಲತಾ ಹೋದ ಮೇಲೆ ಮೇಜಿನ ಮೇಲಿದ್ದ ಕೆಲಸಕ್ಕೆ ಕೈ ಹಾಕಲಿಲ್ಲ.

“ಯಾಕ್ರಿ? ಕೆಲಸಾ ಆತಲ್ಲ” ಎಂದರು ಸುಶೀಲಾಬಾಯಿ.

“ಟಿಟ್ವಾಳಾದಿಂದ ಹೋದ ವರ್ಷ ಒಬ್ಬಾವ ಬಂದಿದ್ದ. ಶಂಭು ಅಂತ. ಅಡಗಿಮನಿ ಕಪಾಟದ ಚಿತ್ರಾ ಕಂಪ್ಯೂಟರಿನ್ಯಾಗ ತಗದ ಗಿರಾಕಿಗೆ ತೋರಸ್ತಿದ್ದ. ಅವಂದೂ ಇಂಥಾದ ಆಫೀಸ್ ಮಷೀನು. ಕಾರ್ಡ್ ಹಾಕಬಹುದೇನು ಅಂತ ಕೇಳಿದ. ನಾ ಬ್ಯಾಡ ಅಂದೆ.”

ಭಾನುವಾರ ಬೆಳಿಗ್ಗೆ ಕಾಕಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಟಿಟ್ವಾಳಾ ಗಾಡಿ ಹತ್ತಿದರು. ಮನೆ ಎಲ್ಲೆಂದು ಸರಿಯಾಗಿ ಗೊತ್ತಿರಲಿಲ್ಲ. ಕಪಾಟು ಮಾಡುವ ಶಂಭು ಎಂದು ಕೇಳುತ್ತಾ ಹೋದರು. ಎರಡು ಕಡೆ ತಪ್ಪಿ, ಮೂರನೆಯ ಕಡೆ ಸಿಕ್ಕಿದ. ಅವನಿಗೆ ಇವರ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಕಾಕಾ ನಿಂತಲ್ಲೇ, ಜಯಲತಾ ಅವರಿಗೆ ಹೇಳಿದ ಮಾತನ್ನೇ ಹೇಳಿದರು. ಲೇಬಲ್ ಖರೇ ಇತ್ತು, ತಾವು ನಂಬಲಿಲ್ಲ ಎಂದು.

“ಇಷ್ಟಕ್ಕ ಇಲ್ಲೀತನಕ ಬಂದ್ರೇನ್ರಿ ಕಾಕಾ?” ಎಂದು ಶಂಭು ಕುರ್ಚಿ ಹಾಕಿದ. ಅವನು ಚಿತ್ರ ತೆಗೆಯುವ ಕೆಲಸವನ್ನು ಆಗಲೇ ಬಿಟ್ಟು ಕಪಾಟುಗಳನ್ನು ಕೂಡಿಸುವ ಕೆಲಸ ಹಿಡಿದಿದ್ದ. ಚಿತ್ರ ತೆಗೆಯುವವನು ಈಗ ಬೇರೆ. ಕಂಪ್ಯೂಟರ್ ಮಾತ್ರ ಮೂಲೆಯಲ್ಲಿ ಇತ್ತು, ಮೇಲೆ ಬಟ್ಟೆ ಹೊದಿಸಿತ್ತು.

ಕಾಕಾ ಚಹಾ ಕುಡಿದರು. ಆಮೇಲೆ ಆ ಬಟ್ಟೆ ತೆಗೆಯಲೇ ಎಂದು ಕೇಳಿದರು. ಶಂಭು ಹೂಂ ಎಂದ. ಅವರು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಮುಚ್ಚಳ ಬಿಚ್ಚಿ, ಡಬ್ಬಿಯ ಲೇಬಲ್ಲನ್ನು ಗಟ್ಟಿಯಾಗಿ ಓದಿದರು. ಇನ್ನೂರ ಎಂಬತ್ತು ಎಂದಿತ್ತು. ಅದನ್ನು ಒಂದು ಚೀಟಿಯ ಮೇಲೆ ಬರೆದು, ಅದರ ಕೆಳಗೆ ಎಂಥ ಕಾರ್ಡ್ ಕೇಳಬೇಕು ಎಂಬುದನ್ನೂ ಬರೆದು ಶಂಭುವಿನ ಕೈಗೆ ಕೊಟ್ಟರು. “ಹಾಕೂದ ಬಿಡೂದ ನಿನಗ ಬಿಟ್ಟದ್ದು. ಹಾಕೂದಾದ್ರ ಮದಲ ಡಬ್ಬಿ ನನ್ನ ಕಡೆ ತೊಗೊಂಡ ಬಾ. ಉರಿಸಿ ನೋಡಿ ಹೇಳ್ತೀನಿ” ಎಂದರು. ಶಂಭು ಆ ಚೀಟಿಯನ್ನು ಎರಡು ಸಲ ಓದಿ, ಹೆಂಡತಿಯನ್ನು ಕರೆದು ತೋರಿಸಿದ.